ಕೆಂಪು ವೈನ್ ಹೃದಯಕ್ಕೆ ಔಷಧಿಯೇ?

"ಡಾಕ್ಟ್ರೇ, ಇದು ಹೆಂಡ ಅಲ್ಲ, ದ್ರಾಕ್ಷಿ ರಸ. ಹಾರ್ಟಿಗೆ ಒಳ್ಳೆಯದಂತಲ್ಲ?"

ನನ್ನ ಕ್ಲಿನಿಕ್ಕಿಗೆ ಬಂದ ನಿವೃತ್ತ ಮೇಷ್ಟ್ರೊಬ್ಬರ ಪ್ರಶ್ನೆಯಿದು. ಅರವತ್ತೆರಡು ವರ್ಷ ಮದ್ಯದ ವಾಸನೆಯನ್ನೂ ಕಂಡವರಲ್ಲ. ಮಗನೊಂದಿಗೆ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿತೋಟಕ್ಕೆ ಹೋಗಿದ್ದಾಗ ಆರು ಬಗೆಯ ವೈನುಗಳ ರುಚಿ ತೋರಿಸಿದರಂತೆ. ಅಂದಿನಿಂದ ದಿನವೂ ಊಟಕ್ಕೆ ಮುಂಚೆ ಒಂದು ಲೋಟ ಕೆಂಪು ವೈನ್. ಮಾತ್ರೆಯಿಂದ ಹತೋಟಿಯಲ್ಲಿದ್ದ ರಕ್ತದೊತ್ತಡ ಎರಡೇ ತಿಂಗಳಲ್ಲಿ ಏರಿತ್ತು.

ವೈನಿನ ರುಚಿ ನೋಡುವುದು ನಿಜಕ್ಕೂ ಒಂದು ವಿದ್ಯೆ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನ್. ಸಿಪ್ಪೆ ಬೇರ್ಪಡಿಸಿ ಬರೀ ರಸವನ್ನು ಹುದುಗಿಸಿದರೆ ಬಿಳಿ ವೈನ್. ಸಿಪ್ಪೆ, ಬೀಜಗಳಿಂದ ಬಣ್ಣದ ಜೊತೆಗೆ ಟ್ಯಾನಿನ್ ಕೂಡ ಇಳಿಯುತ್ತದೆ. ಬಾಳೆಕಾಯಿ ಕಚ್ಚಿದಾಗ ನಾಲಿಗೆ ಒಣಗಿದಂತಾಗುತ್ತದಲ್ಲ, ಅದೇ ಒಗರು. ಶಿರಾಜ್, ಕ್ಯಾಬರ್ನೆ ಸಾವಿನ್ಯೋನ್ ಮುಂತಾದ ಕೆಂಪು ವೈನುಗಳಲ್ಲಿ ಅದು ಎದ್ದು ಕಾಣುತ್ತದೆ. ಸಾವಿನ್ಯೋನ್ ಬ್ಲಾಂಕಿನಂಥ ಬಿಳಿ ವೈನಿನಲ್ಲಿ ಹುಳಿಯೇ ಮುಂದು. ಪರಿಣತರು ಮೊದಲು ಬಣ್ಣ ನೋಡುತ್ತಾರೆ, ಗ್ಲಾಸು ತಿರುಗಿಸಿ ಮೂಸುತ್ತಾರೆ, ಒಂದು ಗುಟುಕನ್ನು ಬಾಯೆಲ್ಲ ಆಡಿಸಿ ಉಗಿಯುತ್ತಾರೆ. ಹೌದು, ಉಗಿಯುತ್ತಾರೆ! ನಾಲಿಗೆಗೆ ತಿಳಿಯುವುದು ನಾಲ್ಕೈದು ರುಚಿ ಮಾತ್ರ. ಉಳಿದದ್ದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಅದಕ್ಕೇ.

ಕಣ್ಣು ಈ ಮೂಗಿಗೂ ಮೋಸ ಮಾಡುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು! ಈ ಪ್ರಯೋಗ 2001ರಲ್ಲಿ ಪ್ರಕಟವಾಯಿತು.

ಕೆಂಪು ಬಣ್ಣಕ್ಕೆ ಹೃದಯದ ನಂಟು ಬೆಳೆದದ್ದೂ ಫ್ರಾನ್ಸಿನಿಂದಲೇ. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗ ಕಡಿಮೆ, ಕೆಂಪು ವೈನ್ ಕಾರಣವಿರಬಹುದು ಎಂದು 1991ರಲ್ಲಿ ಅಮೆರಿಕದ ಟೀವಿಯಲ್ಲಿ ಬಂದದ್ದೇ ತಡ, ಅಲ್ಲಿ ಅದರ ಮಾರಾಟ ಜಿಗಿಯಿತು. ಆದರೆ ಇಂಥ ಹಲವು ಅಧ್ಯಯನಗಳಲ್ಲಿ 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಹೋಲಿಕೆಯೇ ತಪ್ಪಿತ್ತು. ವೈನಿನಲ್ಲಿದೆ ಎಂದು ಹೊಗಳುವ ರೆಸ್ವೆರಟ್ರಾಲ್ ಇರುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಮದ್ಯಸಾರ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು.

ಮೇಷ್ಟ್ರ 'ಒಂದು ಲೋಟ' ಎಷ್ಟು ದೊಡ್ಡದು ಎಂದು ಕೇಳಿದೆ. ಮನೆಯ ಸ್ಟೀಲ್ ಲೋಟ! ಸುಮಾರು 250 ಮಿಲಿಲೀಟರ್. ಶೇಕಡಾ 13ರ ವೈನಾದರೆ ಅದರಲ್ಲಿ ಸುಮಾರು 25 ಗ್ರಾಂ ಮದ್ಯಸಾರ, ಅಂದರೆ 30 ಮಿಲಿಲೀಟರಿನ ಎರಡೂವರೆ ಪೆಗ್ ವಿಸ್ಕಿಗೆ ಸಮ. ಲೆಕ್ಕ ಹಾಕಿ ತೋರಿಸಿದಾಗ ಅವರ ಮುಖ ಬಿಳಿಚಿತು. ಗಣಿತದ ಮೇಷ್ಟ್ರು ಬೇರೆ.

ರಕ್ತದೊತ್ತಡ, ಟ್ರೈಗ್ಲಿಸರೈಡ್ ಹೆಚ್ಚಿರುವವರು, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ರುಚಿ ನೋಡುವ ಗೋಜಿಗೇ ಹೋಗಬೇಡಿ. ನಿದ್ರೆ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನುಂಗುವವರೂ ಅಷ್ಟೇ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಅಕ್ಕಪಕ್ಕದವರು ಅಮಲೆಂದು ಸುಮ್ಮನಾದಾರು! ವೈನ್ ಕೆಡದಂತೆ ಬೆರೆಸುವ ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ತರುತ್ತದೆ. ಸಾಮಾನ್ಯವಾಗಿ ಅದು ಬಿಳಿಯಲ್ಲೇ ಹೆಚ್ಚು.

ಉಳಿದವರು ಇಂಥ ತೋಟಕ್ಕೆ ಹೋದರೆ ಊಟ ಮಾಡಿ ಹೋಗಿ, ನಡುನಡುವೆ ನೀರು ಕುಡಿಯಿರಿ, ಉಗಿಯಲು ಇಟ್ಟ ಪಾತ್ರೆಯನ್ನು ಸಂಕೋಚವಿಲ್ಲದೆ ಬಳಸಿ. ಹುಳಿಯಿಂದ ಹಲ್ಲಿನ ಎನಾಮಲ್ ಮೆತ್ತಗಾಗಿರುವುದರಿಂದ ತಕ್ಷಣ ಬ್ರಷ್ ಮಾಡಬೇಡಿ. ಆರು ಗ್ಲಾಸುಗಳಿಗೆ 30 ಮಿಲಿಲೀಟರಿನಂತೆ ಸುರಿದರೂ ಒಟ್ಟು 180 ಆಯಿತು. ಅದನ್ನು ನುಂಗಿದವರು ಬೆಂಗಳೂರಿಗೆ ಕಾರು ಓಡಿಸಿಕೊಂಡು ಬರಬಾರದು.

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಇದನ್ನು ಓದಿ ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಮೊದಲು ವೈದ್ಯರನ್ನು ಕಾಣಿ. ಮೇಷ್ಟ್ರಿಗೆ ಆ ತೊಂದರೆಯಿರಲಿಲ್ಲ. ಉಳಿದಿದ್ದ ಬಾಟಲಿಯನ್ನು ಮಗನಿಗೇ ಹಿಂದಿರುಗಿಸಿದ್ದಾರೆ. ಮುಂದಿನ ವಾರ ಅವರ ಬಿ.ಪಿ. ಮತ್ತೆ ನೋಡಬೇಕು.