ಆಲ್ಫಾ ಎಂದರೆ ಮೊದಲ ರಿಹರ್ಸಲ್

ನಮ್ಮ ಅನೇಕ ಮನೆಗಳಲ್ಲಿ ಒಬ್ಬರಾದರೂ ಸಾಫ್ಟ್‌ವೇರ್ ಕೆಲಸದವರಿದ್ದಾರೆ. "ಈ ವಾರ ಆಲ್ಫಾ ಬಿಡುಗಡೆ" ಎಂದು ಅವರು ಹೇಳಿದಾಗ, ಏನೋ ದೊಡ್ಡ ಸಮಾರಂಭವೆಂದು ಊರಿಂದ ಬಂದ ಅಪ್ಪ ಅಮ್ಮ ಎಣಿಸುವುದುಂಟು. ನಿಜಕ್ಕೂ ಅದು ಯುಗಾದಿ ನಾಟಕದ ಮೊದಲ ರಿಹರ್ಸಲ್ ಇದ್ದಂತೆ. ವೇಷವಿಲ್ಲ, ಮಾತು ಬಾಯಿಗೆ ಬಂದಿಲ್ಲ; ಆದರೂ ನಾಲ್ಕು ಜನರನ್ನು ಕೂರಿಸಿ ತೋರಿಸುತ್ತೇವೆ. ಎಡವುವ ಜಾಗ ಮೊದಲು ಕಾಣುವುದು ಅವರಿಗೇ.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದಲ್ಲಿ ಈ ರಿಹರ್ಸಲ್ ಊರೆದುರಿಗೇ ನಡೆಯುತ್ತದೆ. ಮಕ್ಕಳು ಶಾಲೆಯಲ್ಲಿ ಕಲಿಯುವ ಪೈಥಾನ್ ಭಾಷೆಯನ್ನೇ ನೋಡಿ. ಅದನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್ 1995ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದು ವರ್ಜೀನಿಯಾದ ರೆಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದರು. ಪೈಥಾನ್ ಬಳಗದ ಪೈಕಾನ್ ಸಮ್ಮೇಳನ 2003ರಿಂದ ಮೂರು ವರ್ಷ ವಾಷಿಂಗ್ಟನ್‌ನಲ್ಲಿ, 2010 ಮತ್ತು 2011ರಲ್ಲಿ ಅಟ್ಲಾಂಟಾದಲ್ಲಿ ನಡೆಯಿತು. ನಾರ್ತ್ ಕೆರೊಲಿನಾದ ರೆಡ್ ಹ್ಯಾಟ್ ಲಿನಕ್ಸ್ ಅನ್ನು ಕಂಪ್ಯೂಟರಿಗೆ ಹಾಕುವ ಅನಕೊಂಡ ಬಹುಪಾಲು ಪೈಥಾನಿನಲ್ಲೇ ಬರೆದದ್ದು. ಅಂದರೆ ಪೈಥಾನ್ ಬದಲಾದರೆ ಬಿಸಿ ತಟ್ಟುವುದು ಬಹಳ ಜನಕ್ಕೆ.

ಹಾಗಿದ್ದೂ ಮೂರನೆಯ ಆವೃತ್ತಿಯಲ್ಲಿ ಹಳೆಯ ಪ್ರೋಗ್ರಾಮುಗಳು ಮುರಿದರೂ ಸರಿ ಎಂದು ತೀರ್ಮಾನಿಸಿದರು. ಕಾರಣಗಳಲ್ಲಿ ದೊಡ್ಡದು ನಮಗೂ ಸಂಬಂಧಿಸಿದ್ದು. ಪೈಥಾನ್ 2ರಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟುಗಳ ಸರಮಾಲೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ "ಕನ್ನಡ" ಬರೆದು ಉದ್ದ ಕೇಳಿದರೆ 15 ಎನ್ನುತ್ತಿತ್ತು. ಹತ್ತಕ್ಕೆ ಕತ್ತರಿಸಿದರೆ ಅಕ್ಷರವೇ ಸೀಳಿಹೋಗಿ ಪ್ರಶ್ನಾರ್ಥಕ ಚಿಹ್ನೆ. ಸದಸ್ಯರ ಪಟ್ಟಿಯಲ್ಲಿ ಇಂಥ ಹೆಸರುಗಳನ್ನು ನೀವೂ ಕಂಡಿರಬಹುದು! ಯೂನಿಕೋಡ್ ಪಠ್ಯ ಬೇಕೆಂದರೆ ಬೇರೆಯಾಗಿ ಹೇಳಬೇಕಿತ್ತು. ಪೈಥಾನ್ 3ರಲ್ಲಿ ಪಠ್ಯವೆಲ್ಲ ಯೂನಿಕೋಡ್.

ಯೋಜನೆಯಲ್ಲಿ ಕಷ್ಟದ್ದು ಏನನ್ನು ಸೇರಿಸುವುದು ಎಂಬುದಲ್ಲ, ಯಾವಾಗ ಬಾಗಿಲು ಹಾಕುವುದು ಎಂಬುದು. ಹೊಸ ಪ್ರಸ್ತಾವಗಳಿಗೆ 2007ರ ಏಪ್ರಿಲ್ ಕೊನೆಯ ಗಡುವು ಇಟ್ಟರು. ಆಗಸ್ಟ್ 31ಕ್ಕೆ ಮೊದಲ ಆಲ್ಫಾ ಬಂತು. ಆಮೇಲೆ ಇನ್ನೂ ನಾಲ್ಕು ಆಲ್ಫಾ, ಮೂರು ಬೀಟಾ, ಮೂರು ಅಂತಿಮ ಪರೀಕ್ಷಾ ಆವೃತ್ತಿ. ಆಲ್ಫಾದಲ್ಲಿ ಹೊಸತನ್ನು ಸೇರಿಸಬಹುದು, ಬೀಟಾದಲ್ಲಿ ದೋಷ ತಿದ್ದುವುದಷ್ಟೇ. ನಮ್ಮ ಸಂಘದ ನಾಟಕಗಳಿಗೂ ಈ ನಿಯಮ ಬಂದರೆ ನಿರ್ದೇಶಕರು ನಿದ್ದೆ ಮಾಡಿಯಾರು. ಪೈಥಾನ್ 3.0 ಪೂರ್ಣವಾಗಿ ಹೊರಬಂದದ್ದು 2008ರ ಡಿಸೆಂಬರ್ 3ರಂದು. ಜನ ಹಳೆಯದನ್ನು ಬಿಟ್ಟು ಬರಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. ಪೈಥಾನ್ 2ರ ಪೋಷಣೆ ನಿಂತದ್ದು 2020ರ ಜನವರಿ 1ಕ್ಕೆ.

ಈಗ "ಕನ್ನಡ"ದ ಉದ್ದ 5 ಎಂದು ಬರುತ್ತದೆ. ನಮಗೆ ಕಾಣುವುದು ಮೂರೇ ಅಕ್ಷರ. "ನ್ನ" ಒಂದನ್ನೇ ಅದು ಮೂರಾಗಿ ಎಣಿಸುತ್ತದೆ. ಈಚಿನ ವರ್ಷಗಳಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬರುತ್ತಿದ್ದು, ಆಲ್ಫಾಗಳು ತಿಂಗಳುಗಳ ಮೊದಲೇ ಸಿಗುತ್ತವೆ. ಹೈಸ್ಕೂಲಿನ ಮಕ್ಕಳೂ ಇಳಿಸಿಕೊಂಡು, ಅಜ್ಜಿಯ ಪತ್ರದ ನಾಲ್ಕು ಸಾಲು ಕೊಟ್ಟು ನೋಡಲಿ. ಎಡವಿದರೆ ವರದಿ ಬರೆಯಲು ದೊಡ್ಡ ಪಾಂಡಿತ್ಯ ಬೇಡ: ಏನು ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಸಾಕು. ಹಳೆಯ ಪೈಥಾನನ್ನು ಮಾತ್ರ ಅಳಿಸಬೇಡಿ, ಇದನ್ನು ಪಕ್ಕದಲ್ಲಿ ಹಾಕಿಕೊಳ್ಳಿ.