ಹನ್ನೊಂದು ಅಂಕಿಗಳ ಹೊಣೆ

ಮೆಲ್ಬರ್ನ್‌ಗೋ ಸಿಡ್ನಿಗೋ ಓದಲು ಹೋದ ಕನ್ನಡದ ಹುಡುಗರು ಕೆಲಸ ಹುಡುಕಲು ಹೊರಟರೆ ಬಹುಬೇಗ ಎದುರಾಗುವ ಪ್ರಶ್ನೆ, 'ಎಬಿಎನ್ ಇದೆಯಾ?' ಊಟ ತಲುಪಿಸುವ ಆ್ಯಪ್ ಕೇಳುತ್ತದೆ. ಆಫೀಸು ಗುಡಿಸಿ ಒರೆಸುವ ಕೆಲಸ ಹಿಡಿದ ಗುತ್ತಿಗೆದಾರ ಕೇಳುತ್ತಾನೆ. ಪೇಂಟಿಂಗ್ ಮೇಸ್ತ್ರಿಯೂ ಕೇಳುತ್ತಾನೆ. ಇಲ್ಲವೆಂದರೆ, 'ಮೊಬೈಲ್‌ನಲ್ಲೇ ಆಗುತ್ತೆ, ಹತ್ತು ನಿಮಿಷದ ಕೆಲಸ, ಮಾಡ್ಕೊಂಡು ಬಾ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹತ್ತು ನಿಮಿಷದ ಮಾತು ಬಹುಮಟ್ಟಿಗೆ ನಿಜವೇ. ಅಷ್ಟರಲ್ಲಿ ಯಾರ ಹೆಗಲ ಮೇಲಿದ್ದ ಭಾರ ಯಾರ ಹೆಗಲಿಗೆ ಬಂತು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಎಬಿಎನ್ ಎಂದರೆ ಆಸ್ಟ್ರೇಲಿಯನ್ ಬಿಸಿನೆಸ್ ನಂಬರ್. 1999ರ ಕಾಯ್ದೆಯೊಂದರಿಂದ ಹುಟ್ಟಿದ ಈ ಸಂಖ್ಯೆ, 2000ದ ಜುಲೈ 1ರಂದು ಆ ದೇಶದಲ್ಲಿ ಜಿಎಸ್‌ಟಿ ಶುರುವಾದಾಗ ಅದರ ಜೊತೆಗೇ ಬಳಕೆಗೆ ಬಂತು. ನಮ್ಮಲ್ಲಿ ಜಿಎಸ್‌ಟಿ ನಂಬರ್ ಎಂದೊಡನೆ ಒಂದು ಮಟ್ಟದ ವಹಿವಾಟು ನೆನಪಾಗುತ್ತದೆ. ಎಬಿಎನ್‌ಗೆ ಅಂಥ ಮಿತಿಯೇನೂ ಇಲ್ಲ. ಮನೆ ಮನೆಯ ಅಂಗಳದ ಹುಲ್ಲು ಕತ್ತರಿಸಿ ಸಂಪಾದಿಸುವ ಒಬ್ಬಂಟಿ ದುಡಿಮೆಗಾರನೂ ಅದನ್ನು ಪಡೆಯುತ್ತಾನೆ. ಅಂಥವರನ್ನು ಅಲ್ಲಿ 'ಸೋಲ್ ಟ್ರೇಡರ್' ಎನ್ನುತ್ತಾರೆ: ಪಾಲುದಾರರಿಲ್ಲ, ಕಂಪನಿಯಿಲ್ಲ, ಲಾಭವೂ ಸಾಲವೂ ಅವರದೇ. ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ಅವರ ಸ್ವಂತ ಆಸ್ತಿಯವರೆಗೂ ಬರಬಹುದು.

ಎಬಿಎನ್ ಇಲ್ಲದೆ ದುಡಿದರೆ ಶಿಕ್ಷೆಯಿದೆ ಎಂದೇನಲ್ಲ, ಆದರೆ ಕೈಗೆ ಬರುವ ದುಡ್ಡಿಗೆ ಪೆಟ್ಟು ಬೀಳುತ್ತದೆ. ಒಂದು ಅಂಗಡಿಯ ಗೋಡೆಗೆ ಬಣ್ಣ ಬಳಿದವನು 600 ಡಾಲರ್‌ನ ಬಿಲ್ ಕೊಟ್ಟು, ಅದರಲ್ಲಿ ಎಬಿಎನ್ ಬರೆಯದೆ ಹೋದರೆ, ಅಂಗಡಿಯವರು ಶೇ. 47ರಷ್ಟು, ಅಂದರೆ 282 ಡಾಲರ್ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಅವನ ಕೈಗೆ 318. ಹಿಡಿದ ದುಡ್ಡಿನ ಲೆಕ್ಕ ವರ್ಷದ ಕೊನೆಯ ರಿಟರ್ನ್‌ನಲ್ಲಿ ಸರಿಹೋಗುತ್ತದೆ, ಆದರೆ ಅಲ್ಲಿಯವರೆಗೆ ಬಾಡಿಗೆಗೆ ದಾರಿ? ಬಿಲ್ 75 ಡಾಲರ್ ಒಳಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ.

ಸಂಖ್ಯೆಯ ರಚನೆ ನೋಡುವಂತಿದೆ. ಒಟ್ಟು ಹನ್ನೊಂದು ಅಂಕಿ, ಮೊದಲ ಎರಡು ತಪ್ಪು ಹಿಡಿಯಲೆಂದೇ ಇಟ್ಟವು. ತೆರಿಗೆ ಇಲಾಖೆಯದೇ ಎಬಿಎನ್ 51 824 753 556. ಮೊದಲ ಅಂಕಿಯಿಂದ ಒಂದನ್ನು ಕಳೆಯಬೇಕು, 5 ಇದ್ದದ್ದು 4 ಆಯಿತು. ಬಳಿಕ ಅಂಕಿಗಳನ್ನು ಕ್ರಮವಾಗಿ 10, 1, 3, 5, 7, 9, 11, 13, 15, 17, 19ರಿಂದ ಗುಣಿಸಿ ಕೂಡಿದರೆ 534 ಬರುತ್ತದೆ. ಅದು 89ರ ಆರು ಪಟ್ಟು. ಸರಿಯಾದ ಯಾವ ಎಬಿಎನ್‌ನಲ್ಲೂ ಈ ಮೊತ್ತ 89ರಿಂದ ಶೇಷವಿಲ್ಲದೆ ಭಾಗವಾಗಲೇಬೇಕು. ಬಿಲ್‌ನಲ್ಲಿ ಒಂದಂಕಿ ತಪ್ಪಿದರೂ ಕಂಪ್ಯೂಟರ್ ಹಿಡಿಯುವುದು ಹೀಗೆ.

ನೋಂದಣಿಗೆ ಶುಲ್ಕವಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನೋಂದಣಿ ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವ ಖಾಸಗಿ ಜಾಲತಾಣಗಳು ಬೇಕಾದಷ್ಟಿವೆ. ಅರ್ಜಿ ಹಾಕಬೇಕಾದದ್ದು ಆಸ್ಟ್ರೇಲಿಯನ್ ಬಿಸಿನೆಸ್ ರಿಜಿಸ್ಟರ್ ಎಂಬ ಸರ್ಕಾರಿ ತಾಣದಲ್ಲಿ. ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಮಾಡುವ ಕಸುಬು, ಶುರುಮಾಡುವ ದಿನ, ಇಷ್ಟು ಕೇಳುತ್ತದೆ. ಒಂಬತ್ತು ಅಂಕಿಗಳ ವೈಯಕ್ತಿಕ ತೆರಿಗೆ ಸಂಖ್ಯೆ, ಅಂದರೆ ಟಿಎಫ್‌ಎನ್, ಕಡ್ಡಾಯವಲ್ಲದಿದ್ದರೂ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ವಿವರಗಳು ತಾಳೆಯಾದರೆ ಸಂಖ್ಯೆ ಆಗಿಂದಾಗಲೇ ಸಿಗುತ್ತದೆ. ಪರಿಶೀಲನೆಗೆ ಹೋದರೆ ಇಪ್ಪತ್ತು ಕೆಲಸದ ದಿನಗಳು ಹಿಡಿಯಬಹುದು. ಆಮೇಲೆ 'ಎಬಿಎನ್ ಲುಕಪ್' ತಾಣದಲ್ಲಿ ಹೆಸರು, ರಾಜ್ಯ, ಪೋಸ್ಟ್‌ಕೋಡ್ ಯಾರಿಗೆ ಬೇಕಾದರೂ ಕಾಣುತ್ತದೆ. ಸ್ವಂತ ಹೆಸರು ಬಿಟ್ಟು ಅಂಗಡಿಗೆ ಬೇರೆ ಹೆಸರಿಡುವವರು ಮಾತ್ರ ಆ ಹೆಸರನ್ನು ಶುಲ್ಕ ಕಟ್ಟಿ ಪ್ರತ್ಯೇಕವಾಗಿ ನೋಂದಾಯಿಸಬೇಕು.

ಅರ್ಜಿಯ ತಿರುಳು ಇರುವುದು ಒಂದೇ ಪ್ರಶ್ನೆಯಲ್ಲಿ: ಇದು ನಿಜಕ್ಕೂ ನಿಮ್ಮ ವ್ಯಾಪಾರವೇ? ಗೌರಿ ಹಬ್ಬಕ್ಕೆ ನಾಲ್ಕು ಮನೆಗೆ ಚಕ್ಕುಲಿ ಮಾಡಿಕೊಟ್ಟು ಎಣ್ಣೆ ಹಿಟ್ಟಿನ ಖರ್ಚು ತೆಗೆದುಕೊಂಡ ಗೃಹಿಣಿಯದು ಹವ್ಯಾಸ. ಅವರೇ ವಾರವಾರ ಆರ್ಡರ್ ಹಿಡಿದು, ದರಪಟ್ಟಿ ಮಾಡಿ, ಲಾಭಕ್ಕೆಂದು ಮಾರತೊಡಗಿದರೆ ಅದು ವ್ಯಾಪಾರ. ಆಗ ಎಬಿಎನ್ ಪಡೆದು, ತಿನಿಸಾದ್ದರಿಂದ ಸ್ಥಳೀಯ ಕೌನ್ಸಿಲ್‌ನ ನಿಯಮಗಳನ್ನೂ ಪಾಲಿಸಬೇಕು.

ಜಿಎಸ್‌ಟಿ ಬೇರೆಯೇ ನೋಂದಣಿ. ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ಅದು ಕಡ್ಡಾಯವಲ್ಲ. ಪ್ರಯಾಣಿಕರನ್ನು ಕರೆದೊಯ್ಯುವ ಚಾಲಕರಿಗೆ ಈ ವಿನಾಯಿತಿ ಇಲ್ಲ, ಮೊದಲ ಡಾಲರ್‌ನಿಂದಲೇ ನೋಂದಣಿ ಬೇಕು. ತಾನು ಟ್ಯಾಕ್ಸಿ ಅಲ್ಲವೆಂದು ಊಬರ್ ವಾದಿಸಿತ್ತು. 2017ರ ಫೆಬ್ರುವರಿಯಲ್ಲಿ ಫೆಡರಲ್ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೊಸ ಚಾಲಕರು ಎಡವುವುದು ಇನ್ನೊಂದು ಕಡೆ: ಪ್ರಯಾಣಿಕ 55 ಡಾಲರ್ ಕೊಟ್ಟರೆ ಅದರ ಹನ್ನೊಂದನೇ ಒಂದು ಪಾಲು, 5 ಡಾಲರ್, ಜಿಎಸ್‌ಟಿ. ಆ್ಯಪ್ ತನ್ನ ಕಮಿಷನ್ ಕಳೆದು ಖಾತೆಗೆ ಹಾಕಿದ ಮೊತ್ತದ ಮೇಲೆ ಲೆಕ್ಕ ಹಾಕಿದರೆ ತೆರಿಗೆ ಕಡಿಮೆ ಕಟ್ಟಿದಂತಾಗುತ್ತದೆ. ಕಮಿಷನ್‌ನಲ್ಲಿ, ಪೆಟ್ರೋಲ್‌ನಲ್ಲಿ ತೆತ್ತ ಜಿಎಸ್‌ಟಿಯನ್ನು ಬೇರೆಯಾಗಿ ಹಿಂದಕ್ಕೆ ಕೇಳಬಹುದು. ಬರೀ ಊಟ ತಲುಪಿಸುವವರಿಗೆ 75,000ದ ಮಿತಿಯೇ ಅನ್ವಯ.

ಇಷ್ಟೂ ಲೆಕ್ಕದ ಮಾತಾಯಿತು. ಅನ್ಯಾಯ ನಡೆಯುವುದು ಬೇರೆಡೆ. ದಿನಾ ಇಂತಿಷ್ಟು ಹೊತ್ತಿಗೆ ಬರಬೇಕು, ಹೇಳಿದ ಕೆಲಸ ಮಾಡಬೇಕು, ಸಮವಸ್ತ್ರ ಅವರದು, ಯಂತ್ರ ಅವರದು, ದರ ಗೊತ್ತುಮಾಡುವವರೂ ಅವರೇ. ಆದರೂ 'ಎಬಿಎನ್ ಮೇಲೆ ಕೊಡ್ತೀನಿ' ಎನ್ನುತ್ತಾರೆ. ಅಲ್ಲಿ ನೌಕರನಿಗೆ 2025ರ ಜುಲೈ 1ರಿಂದ ಗಂಟೆಗೆ ಕನಿಷ್ಠ 24.95 ಡಾಲರ್ ಕೂಲಿ, ಅದರ ಮೇಲೆ ಶೇ. 12ರಷ್ಟು ಸೂಪರ್, ಅಂದರೆ ನಮ್ಮ ಪಿಎಫ್‌ಗೆ ಹತ್ತಿರದ ನಿವೃತ್ತಿ ನಿಧಿ, ಗಾಯವಾದರೆ ವಿಮೆ ಇವೆಲ್ಲ ಹಕ್ಕಾಗಿ ಬರುತ್ತವೆ. ಎಬಿಎನ್ ಮೇಲೆ ದುಡಿಯುವವನಿಗೆ ಸಾಮಾನ್ಯವಾಗಿ ಕನಿಷ್ಠ ಕೂಲಿಯ ರಕ್ಷಣೆಯೇ ಇರುವುದಿಲ್ಲ. ನೌಕರನನ್ನು ಗುತ್ತಿಗೆದಾರನೆಂದು ತೋರಿಸಿ ಇವನ್ನು ತಪ್ಪಿಸುವುದು ಫೇರ್ ವರ್ಕ್ ಕಾಯ್ದೆಯ ಪ್ರಕಾರ ಕಾನೂನುಬಾಹಿರ.

ಪರ್ತ್‌ನ ಕಟ್ಟಡ ಕೆಲಸಕ್ಕೆ ಸೇರಿದ ಬ್ರಿಟನ್ನಿನ ಯುವಕನೊಬ್ಬನಿಂದ, ಅವನು ಸ್ವತಂತ್ರ ಗುತ್ತಿಗೆದಾರನೆಂದು ಕಾರ್ಮಿಕರನ್ನು ಪೂರೈಸುವ ಕಂಪನಿ ಬರೆಸಿಕೊಂಡಿತ್ತು. ಮೊದಲೆರಡು ಹಂತಗಳಲ್ಲಿ ಸೋತ ಮೊಕದ್ದಮೆ 2022ರ ಫೆಬ್ರುವರಿಯಲ್ಲಿ ಹೈಕೋರ್ಟ್‌ನಲ್ಲಿ, ಎಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ, ಗೆದ್ದಿತು. ಕಾಗದದಲ್ಲಿ ಏನೆಂದು ಕರೆದರೂ ಅವನು ನೌಕರನೇ ಎಂದು ತೀರ್ಪಾಯಿತು. 2024ರ ಆಗಸ್ಟ್ 26ರಿಂದ ಕಾನೂನು ಇನ್ನೂ ಸ್ಪಷ್ಟವಾಗಿದೆ: ಒಪ್ಪಂದದ ಜೊತೆಗೆ ಕೆಲಸ ನಿಜದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಇಂಥ ಸಂಶಯವಿದ್ದವರು ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಯನ್ನು 13 13 94ರಲ್ಲಿ ಕೇಳಬಹುದು. ವೀಸಾ ಯಾವುದೇ ಇರಲಿ, ಕೂಲಿಯ ಹಕ್ಕು ಒಂದೇ.

ಕೆಲಸ ಮಾಡುವ ಅನುಮತಿ ಮಾತ್ರ ವೀಸಾದಿಂದಲೇ ಬರಬೇಕು, ಎಬಿಎನ್ ಅದನ್ನು ಕೊಡುವುದಿಲ್ಲ. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಸೈಕಲ್ಲಿನಲ್ಲಿ ಪೊಟ್ಟಣ ತಲುಪಿಸಿದ ಗಂಟೆಗಳೂ ಅದರಲ್ಲೇ ಸೇರುತ್ತವೆ.

ಓದು ಮುಗಿಸಿ ಬೆಂಗಳೂರಿಗೋ ದಾವಣಗೆರೆಗೋ ಮರಳುವವರು ಮರೆಯುವ ಕೆಲಸವೊಂದಿದೆ. ವ್ಯಾಪಾರ ನಿಲ್ಲಿಸಿದ 28 ದಿನಗಳೊಳಗೆ ಎಬಿಎನ್ ರದ್ದು ಮಾಡಿಸಬೇಕು. ಜಿಎಸ್‌ಟಿಗೆ ಸೇರಿದ್ದವರು ಬಾಕಿ ಲೆಕ್ಕಪತ್ರ ಸಲ್ಲಿಸಿ ಅದನ್ನೂ ಮುಚ್ಚಬೇಕು. ದಾಖಲೆಗಳನ್ನು ಐದು ವರ್ಷ ಕಾಪಾಡಬೇಕೆಂಬ ನಿಯಮ ದೇಶ ಬಿಟ್ಟ ಮೇಲೂ ಮುಗಿಯುವುದಿಲ್ಲ. ಬಿಲ್ಲುಗಳ, ಬ್ಯಾಂಕ್ ವಿವರಗಳ ಪ್ರತಿಗಳು ಅವರೊಂದಿಗೇ ಊರಿಗೆ ಬರಬೇಕು.