ಹಿಟ್ಟಿನಲ್ಲಿ ಅಡಗಿದ್ದ ಹಂತಕ

ಒಂದೇ ಊರು, ಅಕ್ಕಪಕ್ಕ ಎರಡು ಮನೆ. ಒಂದು ಮನೇಲಿ ಅಜ್ಜ, ಮಗ, ಸೊಸೆ ಒಬ್ಬೊಬ್ಬರಾಗಿ ಕಿಡ್ನಿ ಕೆಟ್ಟು ಸಾಯ್ತಾರೆ. ಪಕ್ಕದ ಮನೇಲಿ ಯಾರಿಗೂ ಏನೂ ಆಗಲ್ಲ. ಹಾಗಾದ್ರೆ ಕೊಲ್ತಾ ಇರೋದು ಯಾರು?

ಇದು ಯುರೋಪಿನ ಡ್ಯಾನ್ಯೂಬ್ ನದಿ, ಅದರ ಉಪನದಿಗಳ ಬಯಲಿನಲ್ಲಿ ನಡೆದದ್ದು. ಬಲ್ಗೇರಿಯಾ, ರೊಮೇನಿಯಾ, ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾದ ಹಳ್ಳಿಗಳಲ್ಲಿ. ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿದ್ದು 1950ರ ದಶಕದಲ್ಲಿ. ಕಿಡ್ನಿ ಸದ್ದಿಲ್ಲದೆ ಕುಗ್ಗುತ್ತಾ ಹೋಗುತ್ತದೆ. ಎಷ್ಟೋ ಜನರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬರುತ್ತದೆ.

ವಂಶದ ರೋಗವಾ? ಅಲ್ಲ. ಬೇರೆ ಊರಿಂದ ಬಂದ ಸೊಸೆಗೂ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಬರ್ತಿತ್ತು. ರಕ್ತಸಂಬಂಧ ಇಲ್ಲ, ಆದ್ರೆ ಅಡುಗೆಮನೆ ಒಂದೇ! ಬಾವಿ ನೀರಿನ ಮೇಲೆ ಅನುಮಾನ ಬಂತು. ಕಲ್ಲಿದ್ದಲು, ಸೀಸ, ಕ್ಯಾಡ್ಮಿಯಂ, ಧಾನ್ಯದ ಬೂಷ್ಟು, ವೈರಸ್, ಎಲ್ಲವೂ ಕಟಕಟೆ ಹತ್ತಿದವು. ಯಾವುದರ ಮೇಲೂ ಆರೋಪ ಗಟ್ಟಿಯಾಗಿ ನಿಲ್ಲಲಿಲ್ಲ.

1969ರಲ್ಲಿ ಇವಿಚ್ ಎಂಬ ಸಂಶೋಧಕ ಗೋಧಿ ಹೊಲದ ಕಳೆಯ ಕಡೆ ಬೆರಳು ತೋರಿಸಿದರು. ಅರಿಸ್ಟೊಲೋಕಿಯಾ ಅನ್ನೋ ಗಿಡ. ಕೊಯ್ಲಿನಲ್ಲಿ ಅದರ ಬೀಜ ಗೋಧಿ ಜೊತೆ ಸೇರಿ, ಹಿಟ್ಟಾಗಿ, ದಿನಾ ತಿನ್ನೋ ಬ್ರೆಡ್ಡಿಗೆ ಬರ್ತಿತ್ತು. ಆಗ ಹೆಚ್ಚಿನವರು ಕಿವಿಗೊಡಲಿಲ್ಲ.

ಮುಂದಿನ ಸುಳಿವು ಸಿಕ್ಕಿದ್ದು ದೂರದ ಬೆಲ್ಜಿಯಂನಲ್ಲಿ. ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತಿಂದ ಮಹಿಳೆಯರ ಕಿಡ್ನಿ ಹಾಳಾಯ್ತು. 1993ರಲ್ಲಿ ವರದಿ ಬಂತು. ಮಾತ್ರೆಯಲ್ಲಿ ತಪ್ಪಾಗಿ ಸೇರಿದ್ದು ಇದೇ ಜಾತಿಯ ಗಿಡ! 2007ರಲ್ಲಿ ಗ್ರೋಲ್‌ಮನ್ ತಂಡ ಬಾಲ್ಕನ್ ರೋಗಿಗಳ ಕಿಡ್ನಿಯಲ್ಲಿ, ಡಿಎನ್‌ಎಗೆ ಅಂಟಿಕೊಂಡಿದ್ದ ಇದೇ ವಿಷದ ಗುರುತು ಪತ್ತೆಹಚ್ಚಿತು. ಕಳ್ಳ ಬೆರಳಚ್ಚು ಬಿಟ್ಟು ಹೋಗಿದ್ದ.

ಇದು ನಮಗ್ಯಾಕೆ? ಎರಡು ಕಾರಣ. ಪಕ್ಕದ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿ ಕಿಡ್ನಿ ರೋಗಿಗಳಿದ್ದಾರೆ. ನೀರು, ಕೀಟನಾಶಕ, ಸಿಲಿಕಾ, ಲೋಹ, ಬಿಸಿಲಿನ ದುಡಿಮೆ, ಎಲ್ಲದರ ಮೇಲೂ ಅನುಮಾನ ಇದೆ. ಇದೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ. ನೀರು ಪರೀಕ್ಷೆ ಮಾಡಿ ಫೈಲ್ ಮುಚ್ಚಿದರೆ ಸಾಲದು. ಜನ ಏನು ತಿಂತಾರೆ, ಏನು ಕುಡೀತಾರೆ, ಹೊಲದಲ್ಲಿ ಏನು ಮುಟ್ತಾರೆ ಅಂತ ಮನೆಮನೆಗೆ ಹೋಗಿ ಕೇಳಬೇಕು.

ಎರಡನೆಯದು ಇನ್ನೂ ಹತ್ತಿರದ್ದು. ನಮ್ಮ ಕಾಡಂಚಿನಲ್ಲಿ ಬೆಳೆಯೋ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯಾ ಕುಟುಂಬದ್ದೇ. ಅದರಲ್ಲೂ ಆ ವಿಷ ಇದೆ. ಹಾವು ಕಚ್ಚಿದರೆ ಅದರ ಬೇರು ತೇಯ್ದು ಕುಡಿಸೋ ರೂಢಿ ಇದೆಯಲ್ಲ? ದಯವಿಟ್ಟು ಬಿಡಿ, ಸೀದಾ ಆಸ್ಪತ್ರೆಗೆ ಓಡಿ. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಅಂತ ಬೆಲ್ಜಿಯಂನ ಆ ಹೆಣ್ಣುಮಕ್ಕಳೂ ಅಂದುಕೊಂಡಿದ್ರು.